ಭವ್ಯಳ ಅಪ್ಪ ನಡೆದ ದಂಡೆ

ಯಳಂದೂರು
೪ ನವೆಂಬರ್ ೨೦೨೪

ಮಾನ್ಯ ಚಿಕ್ಕಮಾದಪ್ಪನವರಿಗೆ ನಮಸ್ಕಾರಗಳು.

ದೊಡ್ಡಮಡು ಜಲಾಶಯದ ಸುತ್ತು ಹೊರಡುವ ದಿನ ತಿಳಿಸಿ ನೀವು ಬರೆದ ಕಾರ್ಡು ನಿನ್ನೆ ಬಂತು. ಅದನ್ನು ಓದಬೇಕಾದವರು ಈಗ ಇಲ್ಲ. ನನ್ನ ಯಜಮಾನರು ಶಿವಕುಮಾರಸ್ವಾಮಿಯವರು ಜುಲೈ ಹದಿನೇಳರಂದು ತಮ್ಮ ಮೋಟಾರ್ ರಿಪೇರಿ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದವರು ಹಾಗೆಯೇ ಗೋಡೆಗೆ ಒರಗಿ ಹೋಗಿಬಿಟ್ಟರು. ಐವತ್ತು ತುಂಬಿರಲಿಲ್ಲ.

ಅವರು ಎಂಟು ಸಲ ನಿಮ್ಮ ಜೊತೆ ಬಂದಿದ್ದಾರೆ. ಶನಿವಾರ ಹೊರಟರೆ ಮಂಗಳವಾರ ಸಂಜೆ ಮುಖ ಕಪ್ಪು ಮಾಡಿಕೊಂಡು, ಪ್ಯಾಂಟಿನ ತುಂಬ ಹುಲ್ಲುಮುಳ್ಳು ಅಂಟಿಸಿಕೊಂಡು ಬರುತ್ತಿದ್ದರು. ಹೇಗಿತ್ತು ಎಂದರೆ ಚೆನ್ನಾಗಿತ್ತು ಎನ್ನುತ್ತಿದ್ದರು. ನಾನೂ ಅಷ್ಟಕ್ಕೇ ಬಿಡುತ್ತಿದ್ದೆ. ನಾಲ್ಕು ದಿನ ನೀರಿನ ಸುತ್ತ ನಡೆಯುವುದರಲ್ಲಿ ಅಂಥದ್ದೇನಿದೆ ಎಂದು ಒಮ್ಮೆಯೂ ಕೇಳಿದವಳಲ್ಲ. ಈಗ ಕೇಳಬೇಕೆನಿಸುತ್ತಿದೆ, ಹೇಳುವವರಿಲ್ಲ.

ಅವರ ಜಾಗದಲ್ಲಿ ಈ ಸಲ ನಾನು ಬರಬಹುದೇ? ನನಗೆ ನಲವತ್ತನಾಲ್ಕು. ಇಲ್ಲೇ ಪಕ್ಕದ ಊರಿನ ಪಂಚಾಯ್ತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ದಿನಾ ಹೋಗಿಬರುವ ನಾಲ್ಕು ಕಿಲೋಮೀಟರ್ ಬಿಟ್ಟರೆ ಬೇರೆ ನಡಿಗೆಯ ಅಭ್ಯಾಸವಿಲ್ಲ. ಹೆಂಗಸರು ಇರುತ್ತಾರೆಯೇ ತಿಳಿಸಿ.

ಇಂತಿ,
ಪ್ರೇಮಾ


ದೊಡ್ಡಮಡು, ಹನೂರು ತಾಲ್ಲೂಕು
೧೩ ನವೆಂಬರ್ ೨೦೨೪

ತಾಯಿ ಪ್ರೇಮಾ ಅವರಿಗೆ ಚಿಕ್ಕಮಾದಪ್ಪನ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಸ್ವಾಮಿಯವರು ಹೋದ ಸುದ್ದಿ ನಮಗೆ ಯಾರೂ ಮುಟ್ಟಿಸಲಿಲ್ಲ. ನನಗೆ ಕಿವಿ ಒಂದಿಷ್ಟೂ ಕೇಳುವುದಿಲ್ಲ, ಅಣೆಕಟ್ಟೆಯ ಹತ್ತಿರ ಸಿಗ್ನಲ್ಲೂ ಇಲ್ಲ. ಆದ್ದರಿಂದಲೇ ನಮ್ಮಲ್ಲಿ ಎಲ್ಲವೂ ಕಾಗದದಲ್ಲಿ.

ಖಂಡಿತ ಬನ್ನಿ. ನಾನು ಮೂವತ್ತೊಂದು ವರ್ಷ ಈ ಜಲಾಶಯದ ನೀರಗಂಟಿಯಾಗಿದ್ದವನು. ಮಳೆಗಾಲ ಮುಗಿದ ಮೇಲೆ ನೀರು ಎಲ್ಲಿಯವರೆಗೆ ನಿಂತಿದೆ ಎಂದು ದಂಡೆ ಸುತ್ತಿ ಗುರುತು ಹಾಕುವುದು ನನ್ನ ಕೆಲಸ. ಒಬ್ಬನೇ ಹೋಗುತ್ತಿದ್ದೆ. ಆಮೇಲೆ ಒಬ್ಬೊಬ್ಬರೇ ಜೊತೆಯಾದರು. ಕೆಲಸದಿಂದ ಇಳಿದರೂ ಸುತ್ತು ನಿಲ್ಲಲಿಲ್ಲ. ದಾರಿ ಐವತ್ತು ಕಿಲೋಮೀಟರ್ ಮೇಲಾಗುತ್ತದೆ. ನೀರು ಬೆರಳು ಚಾಚಿದ ಹಾಗೆ ಕಣಿವೆಗಳೊಳಗೆ ನುಗ್ಗಿದೆ. ಎದುರು ದಡದಲ್ಲಿ ಮೇಯುವ ದನದ ಗಂಟೆ ಕೇಳುತ್ತದೆ (ಬೇರೆಯವರಿಗೆ), ಅಲ್ಲಿಗೆ ತಲುಪಲು ಅರ್ಧ ದಿನ ಬೇಕು. ಕಾಡಿನ ಮಗ್ಗುಲಲ್ಲಿ ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆ ಬರುತ್ತಾರೆ. ಹೆಂಗಸರು ಈ ಸಲ ಒಂಬತ್ತು ಮಂದಿ.

ಭವ್ಯ ಹೇಗಿದ್ದಾಳೆ ತಾಯಿ? ಅಪ್ಪನ ಮೇಲೆ ಪ್ರಾಣ ಇಟ್ಟಿದ್ದ ಮಗು. ಹೋದ ವರ್ಷ ಹೊರಡುವಾಗ, ಮುಂದಿನ ಸಲ ಅವಳನ್ನೂ ಕರೆತರುತ್ತೇನೆ ಎಂದು ಸ್ವಾಮಿಯವರು ನನಗೆ ಚೀಟಿಯಲ್ಲಿ ಬರೆದು ತೋರಿಸಿದ್ದರು. ಎರಡನೇ ಪಿಯುಸಿ, ಓದುವುದು ಬಹಳ ಇರುತ್ತದೆ. ಆದರೂ ನಾಲ್ಕು ದಿನ ತಾನೆ. ನಿಮ್ಮ ಜೊತೆ ಅವಳೂ ಬರಲಿ. ಅವಳನ್ನು ನೋಡಬೇಕು ಎಂದು ನಮಗೆಲ್ಲ ಆಸೆ.

ನಿಮ್ಮವ,
ಚಿಕ್ಕಮಾದಪ್ಪ


ಯಳಂದೂರು
೧೯ ನವೆಂಬರ್ ೨೦೨೪

ಮಾನ್ಯರೇ,

ನಿಮ್ಮ ಕಾಗದದ ಕೊನೆಯ ಸಾಲುಗಳು ನನಗೆ ಅರ್ಥವಾಗಲಿಲ್ಲ. ನಮಗೆ ಮಕ್ಕಳಿಲ್ಲ. ಭವ್ಯ ಎಂಬ ಹೆಸರಿನವರು ನಮ್ಮ ನೆಂಟರಿಷ್ಟರಲ್ಲೂ ಇಲ್ಲ.

ಶಿವಕುಮಾರಸ್ವಾಮಿ ಎಂಬ ಹೆಸರು ನಮ್ಮ ಕಡೆ ಬೀದಿಗೊಂದು. ನೀವು ಬೇರೆ ಯಾರನ್ನೋ ನೆನೆದು ಬರೆದಿರಬೇಕು. ನಮ್ಮವರು ಸಣಕಲು, ಎತ್ತರ. ಬಲಗೈ ಹೆಬ್ಬೆರಳಿನ ಉಗುರು ಸುಟ್ಟು ಕಪ್ಪಾಗಿತ್ತು. ಮಾತು ಬಹಳ ಕಡಿಮೆ. ಹೌದೋ ಅಲ್ಲವೋ ತಿಳಿಸಿದರೆ ಉಪಕಾರ.

ಪ್ರೇಮಾ


ದೊಡ್ಡಮಡು
೨ ಡಿಸೆಂಬರ್ ೨೦೨೪

ತಾಯಿ,

ತಪ್ಪಾಯಿತು, ದೊಡ್ಡ ತಪ್ಪಾಯಿತು. ಎಪ್ಪತ್ತೊಂದು ವರ್ಷದ ತಲೆ, ಹೆಸರುಗಳೆಲ್ಲ ಕಲಸಿಹೋಗುತ್ತವೆ. ನಮ್ಮ ಗುಂಪಿನಲ್ಲಿ ಇನ್ನೊಬ್ಬರು ಅದೇ ಹೆಸರಿನವರಿದ್ದಾರೆ, ಭವ್ಯ ಅವರ ಮಗಳು. ನಿಮ್ಮವರು ಸಣಕಲಾಗಿ ಎತ್ತರವಾಗಿ ಇದ್ದವರೇ, ಉಗುರು ಕಪ್ಪಗಿತ್ತು. ಮಾತು ಕಡಿಮೆ, ಹೌದು, ಬಹಳ ಕಡಿಮೆ.

ನಿಮ್ಮ ಆರೋಗ್ಯ, ನಿಮ್ಮ ದುಃಖ ನೋಡಿದರೆ ಈ ಸಲ ಬರುವುದು ಬೇಡವೇನೋ ಎನಿಸುತ್ತದೆ. ಕಲ್ಲುಮುಳ್ಳಿನ ದಾರಿ. ಇನ್ನೊಂದು ವರ್ಷ ನೋಡೋಣ.

ಚಿಕ್ಕಮಾದಪ್ಪ


ಯಳಂದೂರು
೬ ಡಿಸೆಂಬರ್ ೨೦೨೪

ಚಿಕ್ಕಮಾದಪ್ಪನವರೇ,

ಅವರ ಅಂಗಡಿಯ ಡ್ರಾಯರಿನಲ್ಲಿ ನಿಮ್ಮ ಹೋದ ವರ್ಷದ ಪಟ್ಟಿ ಸಿಕ್ಕಿತು. ಇಪ್ಪತ್ತಾರು ಹೆಸರು. ಶಿವಕುಮಾರಸ್ವಾಮಿ ಒಬ್ಬರೇ, ಯಳಂದೂರಿನವರು.

ಮೊದಲ ಕಾಗದದಲ್ಲಿ ಬಾ ಎಂದಿರಿ, ಎರಡನೆಯದರಲ್ಲಿ ಬೇಡ ಎಂದಿರಿ. ನಡುವೆ ಬದಲಾದದ್ದು ಒಂದೇ, ನಮಗೆ ಮಕ್ಕಳಿಲ್ಲ ಎಂದು ನಾನು ಬರೆದದ್ದು. ನನ್ನನ್ನು ಕಾಪಾಡಲು ಹೋಗಬೇಡಿ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಬಾಳಿದ ಮನುಷ್ಯನ ಬಗ್ಗೆ ನನಗೆ ತಿಳಿಯದ್ದು ನಿಮಗೆ ತಿಳಿದಿದೆ. ಭವ್ಯ ಯಾರು? ಅವರು ಏನು ಹೇಳಿದ್ದರೋ ಅದನ್ನು ಹಾಗೆಯೇ ಬರೆಯಿರಿ.

ಪ್ರೇಮಾ


ದೊಡ್ಡಮಡು
೨೦ ಡಿಸೆಂಬರ್ ೨೦೨೪

ತಾಯಿ,

ಹತ್ತು ದಿನ ನಿಮ್ಮ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಸುಳ್ಳು ಬರೆಯಲು ನನಗೆ ಬರುವುದಿಲ್ಲ, ಅದನ್ನು ನೀವೇ ತೋರಿಸಿಕೊಟ್ಟಿರಿ.

ಸ್ವಾಮಿಯವರು ಮೊದಲ ಸಲ ಬಂದದ್ದು ೨೦೧೬ರಲ್ಲಿ. ಆಗ ಭವ್ಯ ನಾಲ್ಕನೇ ಕ್ಲಾಸು. ಅಲ್ಲಿಂದ ಪ್ರತಿವರ್ಷ ಅವಳ ಸುದ್ದಿ ತರುತ್ತಿದ್ದರು. ನನಗೆ ಕೇಳಿಸದು, ಬೇರೆಯವರು ನಕ್ಕಾಗ ಏನೆಂದು ಕೈ ಮಾಡಿ ಕೇಳುತ್ತಿದ್ದೆ, ಆಗ ಅವರೇ ನನ್ನ ಪುಟ್ಟ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಸೈಕಲ್ ಕಲಿತಳು, ಬಿದ್ದು ಮಂಡಿ ತರಚಿಕೊಂಡಳು. ಲೆಕ್ಕದಲ್ಲಿ ಹಿಂದೆ, ಕನ್ನಡದಲ್ಲಿ ಮುಂದೆ. ಹತ್ತನೇ ಕ್ಲಾಸು ಪಾಸಾಗಿ ಕೊಳ್ಳೇಗಾಲದ ಕಾಲೇಜಿಗೆ ಸೇರಿದಳು. ಮಾತು ಕಡಿಮೆ ಎಂದಿರಿ. ಇಲ್ಲಿ ನಾಲ್ಕು ದಿನ ಅವರ ಬಾಯಿ ಮುಚ್ಚುತ್ತಿರಲಿಲ್ಲ ತಾಯಿ.

ನಿಮಗೆ ಮಕ್ಕಳಿಲ್ಲ ಎಂದು ಓದಿದಾಗ ನನಗೆ ಹೊಳೆದದ್ದು ಒಂದೇ. ಬರೆಯಲು ಕೈ ಬರುವುದಿಲ್ಲ. ನಿಮಗೂ ಹೊಳೆದಿರುತ್ತದೆ. ಆ ಮನುಷ್ಯ ಅಂಥವರಲ್ಲ ಎಂದು ಮನಸ್ಸು ಹೇಳುತ್ತದೆ, ಆದರೆ ಮಗು ಎಲ್ಲಿಂದ ಬಂತು?

ಇನ್ನೊಂದು ತಪ್ಪು ಮಾಡಿದ್ದೇನೆ. ಕೊಳ್ಳೇಗಾಲದ ಒಂದು ಕಾಲೇಜಿನ ಕಚೇರಿಯಲ್ಲಿ ನನ್ನ ತಂಗಿಯ ಮಗ ಬಸವಕುಮಾರ್ ಇದ್ದಾನೆ. ಅವನಿಗೆ ಬರೆದು ಕೇಳಿದೆ. ಎರಡನೇ ಪಿಯುಸಿಯಲ್ಲಿ ಭವ್ಯ ಎಂಬ ಹುಡುಗಿ ಇದ್ದಾಳೆ. ತಂದೆ ಶಿವಕುಮಾರಸ್ವಾಮಿ ಎಂದಿದೆ. ಯಾಕಾದರೂ ಅವನನ್ನು ಕೇಳಿದೆನೋ ಎನಿಸುತ್ತಿದೆ.

ಚಿಕ್ಕಮಾದಪ್ಪ


ಯಳಂದೂರು
೩ ಜನವರಿ ೨೦೨೫

ಚಿಕ್ಕಮಾದಪ್ಪನವರೇ,

ಕೊಳ್ಳೇಗಾಲಕ್ಕೆ ಹೋಗಿ ಬಂದೆ. ಹುಡುಗಿಯನ್ನು ನೋಡಿದೆ.

ನಾನು ಸುತ್ತಿಗೆ ಬರುತ್ತೇನೆ. ಹೊರಡುವ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹನೂರಿನಲ್ಲಿ ಇಳಿಯುತ್ತೇನೆ. ಬೇಡವೆನ್ನಬೇಡಿ.

ಪ್ರೇಮಾ


ದೊಡ್ಡಮಡು
೯ ಜನವರಿ ೨೦೨೫

ತಾಯಿ,

ಬೇಡವೆನ್ನುವ ಹಕ್ಕು ನನಗಿಲ್ಲ. ಗಟ್ಟಿ ಅಟ್ಟೆಯ ಚಪ್ಪಲಿ ಅಥವಾ ಬೂಟು, ಒಂದು ಟೋಪಿ, ಎರಡು ಬಾಟಲಿ ನೀರು, ದಪ್ಪ ಹೊದಿಕೆ. ಸೀರೆಗಿಂತ ಚೂಡಿದಾರ್ ಒಳ್ಳೆಯದು, ಆನೆ ಇರುವ ಕಡೆ ಓಡಬೇಕಾಗಬಹುದು. ಹೆದರಬೇಡಿ, ಇದುವರೆಗೆ ಯಾರೂ ಓಡಿಲ್ಲ.

ಹನೂರಿಗೆ ನಮ್ಮ ಗುಂಪಿನ ಮುತ್ತಯ್ಯನ ಜೀಪು ಬರುತ್ತದೆ. ಸ್ವಾಮಿಯವರು ಹೋದದ್ದನ್ನು ಮಾತ್ರ ಎಲ್ಲರಿಗೂ ತಿಳಿಸಿದ್ದೇನೆ. ಮಿಕ್ಕ ವಿಷಯ ನನ್ನ ಬಾಯಿಂದ ಯಾರಿಗೂ ಹೋಗಿಲ್ಲ.

ಚಿಕ್ಕಮಾದಪ್ಪ


ದೊಡ್ಡಮಡು
೩೦ ಜನವರಿ ೨೦೨೫

ತಾಯಿ ಪ್ರೇಮಾ ಅವರಿಗೆ,

ಕ್ಷೇಮವಾಗಿ ತಲುಪಿದಿರಿ ಎಂದುಕೊಂಡಿದ್ದೇನೆ. ಕೊನೆಯ ದಿನ ಅಣೆಯ ಮೇಲೆ ಎಲ್ಲರೂ ಕೂತು ಊಟ ಮಾಡುವಾಗ ನೀವು ಕಾಣಲಿಲ್ಲ. ಹೇಳದೆ ಹೊರಟುಹೋದಿರಿ ಎಂದು ಮುತ್ತಯ್ಯ ಸನ್ನೆ ಮಾಡಿದ.

ನಾಲ್ಕು ದಿನವೂ ನಾನು ನಿಮ್ಮ ಹತ್ತಿರ ಸುಳಿಯಲಿಲ್ಲ. ಗುಂಪಿನ ಮುಂದೆ ಮುಂದೆ ನಡೆದೆ. ಹಿಂತಿರುಗಿ ನೋಡಿದಾಗಲೆಲ್ಲ ನೀವು ನನ್ನನ್ನೇ ನೋಡುತ್ತಿದ್ದಿರಿ. ನನಗೆ ನಾಚಿಕೆ. ನಿಮ್ಮ ಮನೆ ಮುರಿಯುವ ಸುದ್ದಿ ತಂದವನು ನಾನು.

ಆದರೆ ಒಂದು ವಿಷಯ ನನ್ನ ತಲೆಗೆ ಹತ್ತುತ್ತಿಲ್ಲ. ಒಡೆಯರಪಾಳ್ಯದ ಆಚೆಯ ಊರಿನ ರಾಣಿ, ಅಲ್ಲಿನ ಶಾಲೆಯ ಬಿಸಿಯೂಟದ ಅಡುಗೆಯವಳು, ನನ್ನ ಪುಸ್ತಕದಲ್ಲಿ ಬರೆದು ತೋರಿಸಿದಳು: 'ಭವ್ಯನ ಅವ್ವ ಸಿಕ್ಕಿದ್ರು. ಭವ್ಯ ಚೆನ್ನಾಗಿ ಓದ್ತಾವ್ಳಂತೆ.' ನೀವೇ ಹಾಗೆ ಹೇಳಿದಿರಂತೆ. ಕೊಳ್ಳೇಗಾಲದ ಆ ಮಗುವನ್ನು ನೀವು ಒಪ್ಪಿಕೊಂಡಿರಾ? ಮನೆಗೆ ಕರೆತಂದಿರಾ? ಅಥವಾ ನಮ್ಮೆಲ್ಲರ ಮುಂದೆ ಗಂಡನ ಮಾನ ಉಳಿಸಲು ಹೇಳಿದಿರಾ? ಏನೂ ತಿಳಿಯದೆ ಒದ್ದಾಡುತ್ತಿದ್ದೇನೆ. ಉತ್ತರಿಸಲೇಬೇಕೆಂದಿಲ್ಲ.

ಚಿಕ್ಕಮಾದಪ್ಪ


ಯಳಂದೂರು
೧೬ ಫೆಬ್ರವರಿ ೨೦೨೫

ಚಿಕ್ಕಮಾದಪ್ಪನವರೇ,

ನೀವು ನನ್ನಿಂದ ತಲೆಮರೆಸಿಕೊಂಡು ನಡೆದದ್ದನ್ನು ನಾನು ಬೇರೆಯೇ ರೀತಿ ಅರ್ಥ ಮಾಡಿಕೊಂಡಿದ್ದೆ. ಇವರಿಗೆ ಇನ್ನೂ ಏನೋ ಗೊತ್ತು, ಮುಚ್ಚಿಡುತ್ತಿದ್ದಾರೆ ಎಂದು. ನಾವಿಬ್ಬರೂ ಒಬ್ಬರನ್ನೊಬ್ಬರು ಹೀಗೆ ತಪ್ಪು ಓದಿಕೊಂಡೇ ಐವತ್ತು ಕಿಲೋಮೀಟರ್ ನಡೆದೆವಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ.

ಕೊಳ್ಳೇಗಾಲದ ಹುಡುಗಿ ನಮ್ಮವರ ಮಗಳಲ್ಲ. ಅಂದು ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತೆ. ನೂರಾರು ಹುಡುಗಿಯರು. ಪ್ರತಿ ಮುಖದಲ್ಲೂ ಅವರ ಮೂಗು, ಅವರ ಹಣೆ ಹುಡುಕಿದೆ. ಹುಚ್ಚು ಹಿಡಿದವಳಂತೆ ಒಬ್ಬಳನ್ನು ತಡೆದು ಭವ್ಯ ಯಾರು ಎಂದು ಕೇಳಿದೆ. ಅವಳು ಒಂದು ದುಂಡುಮುಖದ ಹುಡುಗಿಯನ್ನು ತೋರಿಸಿದಳು.

"ನಿಮ್ಮಪ್ಪ ಏನು ಮಾಡ್ತಿದ್ರಮ್ಮ?" ಎಂದೆ.

"ಮಾಡ್ತಿದ್ರು ಅಂದ್ರೆ? ಅಗೋ ಬಂದ್ರಲ್ಲ" ಎಂದು ಅವಳು ಸ್ಕೂಟರಿನಲ್ಲಿ ಬಂದ ಒಬ್ಬ ದಪ್ಪನೆಯ ಮನುಷ್ಯನನ್ನು ತೋರಿಸಿದಳು. ರೇಷ್ಮೆ ಸೀರೆ ಅಂಗಡಿಯವರಂತೆ. ಅವರ ಹೆಸರೂ ಶಿವಕುಮಾರಸ್ವಾಮಿ.

ಬದುಕಿದೆ ಎನಿಸಬೇಕಿತ್ತು. ಆದರೆ ಬಸ್ಸಿನಲ್ಲಿ ಕೂತಾಗ ಎದೆ ಖಾಲಿಯಾಗಿತ್ತು. ಅವರ ಮೂಗಿನ ಹುಡುಗಿಯೊಬ್ಬಳು ಎಲ್ಲಾದರೂ ಇರಲಿ ಎಂದು ನಾನು ಒಳಗೊಳಗೇ ಬಯಸಿದ್ದೆನೋ ಏನೋ. ನಿಮಗೆ ಎರಡೇ ಸಾಲು ಬರೆದು ಸುಮ್ಮನಾದೆ.

ಸುತ್ತಿನ ಮೊದಲ ದಿನವೇ ನನಗೆ ಹೆಸರು ಬಿದ್ದಿತ್ತು. ಪ್ರೇಮಾ ಎಂದು ಯಾರೂ ಕರೆಯಲಿಲ್ಲ. "ಭವ್ಯನ್ ಅವ್ವ, ನೀರ್ ಕುಡಿತೀರಾ?" "ಭವ್ಯನ್ ಅವ್ವ, ಅಲ್ಲಿ ಕೆಸರದೆ, ಈ ಕಡೀಕ್ ಬನ್ನಿ." ಮೊದಲ ಸಲ ಬೆಚ್ಚಿದೆ. ಮೂರನೆಯ ಸಲಕ್ಕೆ ಓಗೊಟ್ಟೆ. ಯಾಕೆ ಓಗೊಟ್ಟೆ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ.

ಎರಡನೆಯ ದಿನ ಹುರುಳಿ ಹೊಲದ ಪಕ್ಕದಲ್ಲಿ ಮುತ್ತಯ್ಯ ಮತ್ತು ರಾಣಿ ನನ್ನ ಮಗಳ ಬಗ್ಗೆ ಜಗಳಕ್ಕೇ ಬಿದ್ದರು. ಭವ್ಯ ಸೈಕಲ್ಲಿನಿಂದ ಬಿದ್ದದ್ದು ಐದನೇ ಕ್ಲಾಸಿನಲ್ಲಿ ಎಂದು ಮುತ್ತಯ್ಯ, ಆರನೇ ಕ್ಲಾಸು ಎಂದು ರಾಣಿ.

"ನೀವೇ ಏಳಿ ಅವ್ವ, ಐದೋ ಆರೋ?" ಎಂದ ಮುತ್ತಯ್ಯ.

"ಆರು" ಎಂದೆ. ಬಾಯಿಗೆ ಬಂದದ್ದು ಹೇಳಿದೆ. ರಾಣಿ ಗೆದ್ದವಳಂತೆ ನಕ್ಕಳು.

ಆಮೇಲೆ ಅವಳು ನನ್ನ ಪಕ್ಕದಲ್ಲೇ ನಡೆದಳು. ಭವ್ಯ ಅವರೆಕಾಳು ಸಾರು ಮುಟ್ಟುವುದಿಲ್ಲವಂತೆ, ನಾನೂ ಮುಟ್ಟುವುದಿಲ್ಲ. ಊಟಕ್ಕೆ ಕೂತರೂ ಕೈಯಲ್ಲಿ ಪುಸ್ತಕವಂತೆ, ಕೂಗಿದರೆ ಒಂದೇ ಸಲಕ್ಕೆ ತಲೆ ಎತ್ತುವುದಿಲ್ಲವಂತೆ. ಕೋಪ ಬಂದರೆ ಮಾತು ಬಿಟ್ಟು ಪಾತ್ರೆ ಉಜ್ಜುತ್ತಾಳಂತೆ. ಅದು ನಾನು, ಚಿಕ್ಕಮಾದಪ್ಪನವರೇ.

ಒಂದು ಕಣಿವೆ ತಿರುಗುವಾಗ ರಾಣಿ ಹೇಳಿದಳು: "ಎರಡ್ನೇ ಶ್ರಾವಣ್ ಸೋಮಾರ ಅಲ್ವಾ ಅವ್ಳು ಉಟ್ಟಿದ್ದು? ವರ್ಸಾ ವರ್ಸಾ ಆವತ್ತು ನಾನು ಇಸ್ಕೂಲ್ನಾಗೆ ಪಾಯ್ಸ ಮಾಡ್ತೀನಿ ಕಣವ್ವ, ಅವ್ಳೆಸ್ರೇಳ್ಕಂಡು. ಉಟ್ತಾನೇ ತಲೆ ತುಂಬ ಕೂದ್ಲಂತೆ, ಎಡಗಿವಿ ಮ್ಯಾಲೆ ಎಳ್ಳುಕಾಳ್ನಷ್ಟು ಮಚ್ಚೆಯಂತೆ. ಅಣ್ಣ ಏಳ್ತಾ ಏಳ್ತಾ ಕಣ್ಣಾಗ್ ನೀರ್ ತಕತಿದ್ರು."

ನಾನು ಅಲ್ಲೇ ಬಂಡೆಯ ಮೇಲೆ ಕುಸಿದು ಕೂತೆ. ಬಿಸಿಲಿಗೆ ತಲೆ ಸುತ್ತಿತೆಂದು ಎಲ್ಲರೂ ನೀರು ಚಿಮುಕಿಸಿದರು.

ನಿಮ್ಮಿಂದ ನಾನು ಮುಚ್ಚಿಟ್ಟದ್ದು ಇದು. ೨೦೦೭ರ ಶ್ರಾವಣದ ಎರಡನೆಯ ಸೋಮವಾರ ಕೊಳ್ಳೇಗಾಲದಲ್ಲಿ ನನಗೆ ಹೆರಿಗೆಯಾಯಿತು. ರಕ್ತ ನಿಲ್ಲದೆ ನನ್ನನ್ನು ಮೈಸೂರಿಗೆ ಸಾಗಿಸಿದರು. ನನ್ನಣ್ಣ ಜೊತೆ ಬಂದ, ಅವರು ಬರಲಿಲ್ಲ. ಎರಡು ದಿನದ ಮೇಲೆ ಎಚ್ಚರವಾದಾಗ ಮಗು ಇಲ್ಲ ಎಂದರು. ಅದರ ಸುದ್ದಿ ನನ್ನ ಮುಂದೆ ಯಾರೂ ಎತ್ತಬಾರದು ಎಂದೆ. ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ. ನನ್ನ ಮನಸ್ಸಿನಲ್ಲಿ ಅದು ಯಾಕೋ ಗಂಡಾಗಿಯೇ ಉಳಿಯಿತು. ನಾನು ಸಾಯುವಂತಿದ್ದಾಗ ಈ ಮನುಷ್ಯ ಜೊತೆಯಲ್ಲಿರಲಿಲ್ಲ ಎಂಬುದೊಂದನ್ನು ಮಾತ್ರ ಹದಿನೇಳು ವರ್ಷ ಬಿಗಿಹಿಡಿದು ಕೂತೆ. ಎರಡನೇ ಪಿಯುಸಿ ಎಂದು ನೀವು ಬರೆದ ದಿನವೇ ವಯಸ್ಸಿನ ಲೆಕ್ಕ ಹಾಕಿದ್ದರೆ ಎಲ್ಲ ತಿಳಿಯುತ್ತಿತ್ತು. ಹಾಕಲಿಲ್ಲ.

ಆ ಕೊನೆಯ ಊಟಕ್ಕೆ ನಿಲ್ಲದೆ ನಾನು ಹೋದದ್ದು ಮಧುವನಹಳ್ಳಿಗೆ, ಅವರ ಅಕ್ಕ ಪುಟ್ಟಮಲ್ಲಮ್ಮನವರ ಮನೆಗೆ. ಅತ್ತಿಗೆ ಹಿತ್ತಲಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದರು.

"ಅತ್ಗೆ, ನನ್ ಕೂಸು ಗಂಡೋ ಎಣ್ಣೋ?" ಎಂದೆ.

ಅವರು ಕೈಯಲ್ಲಿದ್ದ ಕೊಡತಿ ಕೆಳಗಿಟ್ಟರು.

"ಎಣ್ಣು ಕಣವ್ವ. ನೀ ಕೇಳ್ನಿಲ್ಲ, ನಾವ್ ಏಳ್ನಿಲ್ಲ. ಬೆಳಗ್ಗೆ ಉಟ್ತು, ದೀಪ ಅಚ್ಚೋ ಒತ್ಗೆ ಓಯ್ತು. ಅಷ್ಟೊತ್ತೂ ಅವನ್ ಕೈಲೇ ಇತ್ತು. 'ಪ್ರೇಮಂಗೆ ಅವ್ರಣ್ಣ ಅವ್ನೆ, ಇದ್ಕೆ ನಾನೊಬ್ನೇ ಅಲ್ವಾ ಅಕ್ಕಾ' ಅಂದ. ಅದ್ಕೇ ಬರ್ನಿಲ್ಲ ಅವ್ನು."

ಪಂಪ್‌ಸೆಟ್ಟಿನ ಪಕ್ಕದ ಬದುವಿಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಏನೂ ಗುರುತಿಲ್ಲ, ಬರೀ ಗರಿಕೆ. ಹೆಸರಿಟ್ಟಿದ್ದರೇ ಎಂದು ಕೇಳಿದೆ. ಅದು ಅತ್ತಿಗೆಗೂ ಗೊತ್ತಿರಲಿಲ್ಲ. ನನ್ನ ಮಗಳ ಹೆಸರು ನನಗೆ ತಿಳಿದದ್ದು ನಿಮ್ಮ ಕಾಗದದಿಂದ.

ನನಗೀಗ ಏನಾಗುತ್ತಿದೆ ಎಂದು ಕೇಳಿದರೆ ಹೇಳಲಾರೆ. ಒಂದು ದಿನ ಅವರ ಮೇಲೆ ಕನಿಕರ. ಮರುದಿನ ಸಿಟ್ಟು: ಇಪ್ಪತ್ತಾರು ಜನಕ್ಕೆ ಮಗಳನ್ನು ತೋರಿಸಿ ನನ್ನೊಬ್ಬಳಿಂದ ಮುಚ್ಚಿಟ್ಟರಲ್ಲ ಎಂದು. ಎತ್ತಬೇಡಿ ಎಂದವಳು ನಾನೇ, ಆಮೇಲೆ ಅದೂ ನೆನಪಾಗುತ್ತದೆ. ರಾಣಿಗೆ ಸುಳ್ಳು ಹೇಳಿದೆ. ಸುಳ್ಳು ಹೇಳುವಾಗ ಸುಖವಾಗಿತ್ತು.

ಪ್ರೇಮಾ


ದೊಡ್ಡಮಡು
೨೭ ಫೆಬ್ರವರಿ ೨೦೨೫

ತಾಯಿ,

ನಿಮ್ಮ ಕಾಗದವನ್ನು ಅಣೆಯ ಮೇಲೆ ಕೂತು ಓದಿದೆ. ಆ ಮನುಷ್ಯನ ಮೇಲೆ ಮನಸ್ಸಿನಲ್ಲೇ ಎಂಥ ಅಪವಾದ ಹೊರಿಸಿಬಿಟ್ಟಿದ್ದೆ. ಈಗ ಕ್ಷಮೆ ಯಾರನ್ನು ಕೇಳಲಿ?

ನನಗೂ ಒಬ್ಬಳು ಮಗಳು, ಸತ್ಯಮಂಗಲಕ್ಕೆ ಕೊಟ್ಟಿದ್ದೇನೆ. ನಿಮ್ಮವರು ಭವ್ಯಳ ವಿಷಯ ಬರೆದು ತೋರಿಸಿದಾಗಲೆಲ್ಲ, ನನ್ನ ಮಗಳ ಬಗ್ಗೆ ನನಗೆ ಇಷ್ಟೆಲ್ಲ ಗೊತ್ತಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದೆ. ಆಗಿನಿಂದಲೇ ಅವಳಿಗೆ ತಿಂಗಳಿಗೊಂದು ಕಾಗದ ಬರೆಯಲು ಶುರು ಮಾಡಿದ್ದು. ಅದನ್ನು ಸುಳ್ಳು ಎನ್ನಲೋ ನಿಜ ಎನ್ನಲೋ ತಿಳಿಯುತ್ತಿಲ್ಲ.

ಒಂದು ತೊಡಕಿದೆ. ರಾಣಿ ಹರಕೆ ಹೊತ್ತಿದ್ದಾಳೆ. ಭವ್ಯ ಪರೀಕ್ಷೆ ಚೆನ್ನಾಗಿ ಬರೆದರೆ ಈ ಯುಗಾದಿಗೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಬರುತ್ತೇನೆ ಎಂದು. ಪರೀಕ್ಷೆ ಮಾರ್ಚ್ ಒಂದಕ್ಕೆ ಶುರುವಂತೆ, ಆವತ್ತಿನಿಂದಲೇ ಒಂದೇ ಹೊತ್ತು ಊಟ ಮಾಡುತ್ತಾಳಂತೆ. ಅವಳಿಗೆ ಸ್ವಂತ ಮಕ್ಕಳಿಲ್ಲ. ನಾನು ತಿಳಿಸಲೇ? ತಿಳಿಸದೆ ಬಿಡಲೇ? ಬೆಟ್ಟ ಹತ್ತಿ ಬಂದರೆ ಯಾರಿಗೇನು ನಷ್ಟ ಎಂದೂ ಅನಿಸುತ್ತದೆ. ಇಲ್ಲದ ಮಗುವಿನ ಹೆಸರಲ್ಲಿ ಒಬ್ಬಳನ್ನು ಉಪವಾಸ ಕೆಡವುವುದು ಪಾಪವೆಂದೂ ಅನಿಸುತ್ತದೆ. ನೀವು ಹೇಳಿದಂತೆ.

ಚಿಕ್ಕಮಾದಪ್ಪ


ಯಳಂದೂರು
೨೪ ಮಾರ್ಚ್ ೨೦೨೫

ಚಿಕ್ಕಮಾದಪ್ಪನವರೇ,

ತಡವಾಯಿತು. ಮೂರು ವಾರ ನಿಮಗೆ ಬರೆಯುವುದು, ಹರಿಯುವುದು, ಇದೇ ಆಯಿತು. ತಿಳಿಸಬೇಡಿ ಎಂದು ಬರೆದ ಕಾಗದವೊಂದಕ್ಕೆ ಅಂಚೆಚೀಟಿ ಕೂಡ ಹಚ್ಚಿದ್ದೆ. ಕೊನೆಗೆ ಶುಕ್ರವಾರ ನಾನೇ ಹೊರಟೆ.

ಒಡೆಯರಪಾಳ್ಯದಲ್ಲಿ ಬಸ್ಸಿಳಿದು, ಅಲ್ಲಿ ನೆಲೆಸಿರುವ ಟಿಬೆಟಿನವರ ಮುಸುಕಿನ ಜೋಳದ ಹೊಲ ದಾಟಿ, ಕೇಳಿಕೊಂಡು ನಡೆದೆ. ಮಧ್ಯಾಹ್ನದ ಹೊತ್ತು. ರಾಣಿ ಶಾಲೆಯ ಅಡುಗೆಮನೆಯ ಹಿಂದೆ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡವಳೇ ಬೂದಿಗೈಯಲ್ಲೇ ಓಡಿಬಂದಳು.

"ಭವ್ಯನ್ ಅವ್ವ! ಪರೀಕ್ಷೆ ಎಂಗ್ ಬರುದ್ಲು ಮಗ?"

ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ರಾಣಿ, ಭವ್ಯ ಇಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು. "ಇಲ್ಲ ಅಂದ್ರೆ? ಎಲ್ಗೋದ್ಲು?"

"ತೀರ್ಕೊಂಡ್ಲು" ಎಂದೆ. ಯಾವಾಗ ಎಂದು ಹೇಳುವ ಮೊದಲೇ ಅವಳು ಒಂದು ಕೂಗು ಹಾಕಿದಳು ನೋಡಿ, ತರಗತಿಗಳಿಂದ ಮಕ್ಕಳು ಮೇಷ್ಟ್ರು ಎಲ್ಲ ಹೊರಗೆ ಬಂದರು. ನೆಲಕ್ಕೆ ಕೂತು ಎದೆ ಬಡಿದುಕೊಂಡಳು. "ಅಯ್ಯೋ ನನ್ ಕಣ್ಣೇ, ಅಪ್ಪನ್ ಇಂದೇನೇ ಓದ್ಯಾ" ಎಂದು ಹಾಡಿಕೊಂಡು ಅತ್ತಳು. ಸೈಕಲ್ಲಿನಿಂದ ಬಿದ್ದದ್ದು, ಲೆಕ್ಕಕ್ಕೆ ಹೆದರುತ್ತಿದ್ದದ್ದು, ಒಂದೊಂದನ್ನೂ ಹೆಸರು ಹಿಡಿದು ಎಣಿಸಿ ಅತ್ತಳು. ನಾನು ಪಕ್ಕದಲ್ಲಿ ಕೂತು, ಅಲ್ಲ ರಾಣಿ, ಕೇಳು ರಾಣಿ ಎನ್ನುತ್ತಲೇ ಇದ್ದೆ. ಅವಳ ಕಿವಿಗೆ ಬೀಳಲಿಲ್ಲ.

ಸ್ವಲ್ಪ ತಣ್ಣಗಾದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೆಳಗ್ಗೆ ಹುಟ್ಟಿದ್ದು, ದೀಪ ಹಚ್ಚುವ ಹೊತ್ತಿಗೆ ಹೋದದ್ದು, ನಾನು ನೋಡಲೇ ಇಲ್ಲದ್ದು, ಮಿಕ್ಕದ್ದೆಲ್ಲ ಅವರು ಮನಸ್ಸಿನಲ್ಲೇ ಬೆಳೆಸಿದ್ದು. ನಾನೂ ಸುತ್ತಿನಲ್ಲಿ ಸುಳ್ಳು ಹೇಳಿದ್ದು. ಉಗುಳುತ್ತಾಳೆ, ಎದ್ದು ಹೋಗೆನ್ನುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೇನೋ ಇವತ್ತೇ ಓದಂಗಾಯ್ತದೆ ಕಣವ್ವ" ಎಂದಳು. "ಅದಿನೇಳ್ ವರ್ಸದ್ ಎಣ್ಣು. ನಾ ಎಂಗ್ ಅದ್ನ ಒಂದಿನದ್ ಕೂಸು ಅಂದ್ಕಳನ?" ಮತ್ತೆ ಅಳತೊಡಗಿದಳು.

ನಾನು ಅವಳ ಬೆನ್ನು ಸವರಿದೆ. ಸಮಾಧಾನ ಮಾಡ್ಕೊ, ಅಳಬೇಡ ಎಂದೆ. ನನ್ನ ಮಗಳಿಗಾಗಿ ಒಬ್ಬರು ನನ್ನೆದುರು ಅತ್ತದ್ದು ಅದೇ ಮೊದಲು. ಆ ಅಳು ಒಂದು ದಿನದ ಕೂಸಿಗೋ, ಪಿಯುಸಿ ಓದುವ ಹುಡುಗಿಗೋ, ಅವಳಿಗೆ ಅರಿವಿರಲಿಲ್ಲ. ನನಗೂ ಇರಲಿಲ್ಲ. ಸಮಾಧಾನ ಹೇಳುತ್ತ ಹೇಳುತ್ತ ನನ್ನ ಗಂಟಲಿನಿಂದ ಎಂಥದೋ ಸದ್ದು ಹೊರಟಿತು. ಅದು ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ರಾಣಿ ನನ್ನನ್ನು ಹಿಡಿದುಕೊಂಡಳು.

ಶಾಲೆಯ ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಹೋಗುವವರೆಗೆ ನಾವಿಬ್ಬರೂ ಆ ಪಾತ್ರೆಗಳ ನಡುವೆ ಕೂತು ಅತ್ತೆವು. ಎದ್ದಾಗ ನನ್ನ ಸೀರೆಯ ತುಂಬ ಅವಳ ಬೂದಿಗೈ.

ಪ್ರೇಮಾ